ಹೆಸರು ಹಲವು, ಜಾಲ ಯಾರದು? ಪೈಪೋಟಿಯ ಮಾರುಕಟ್ಟೆಯಲ್ಲಿ ಟೆಲಿಫೋನ್ ಸೇವೆಯ ಆಯ್ಕೆ

ಹಳೆಯ ಕಂಪನಿಯ ಸ್ಥಿರ ದೂರವಾಣಿಯನ್ನೇ ಉಳಿಸಿಕೊಳ್ಳಬೇಕೆ, ಸ್ವಂತ ಜಾಲ ಕಟ್ಟಿಕೊಂಡಿರುವ ಪ್ರತಿಸ್ಪರ್ಧಿಯ ಕಡೆಗೆ ಹೋಗಬೇಕೆ, ಬೇರೆಯವರ ಜಾಲವನ್ನು ಸಗಟು ದರದಲ್ಲಿ ಪಡೆದು ಅಗ್ಗವಾಗಿ ಮಾರುವವರನ್ನು ನಂಬಬಹುದೆ, ಅಥವಾ ಇವೆಲ್ಲವನ್ನೂ ಬಿಟ್ಟು ಇಂಟರ್ನೆಟ್ ಮೂಲಕವೇ ಮಾತನಾಡುವ ಸೇವೆಗೆ ಬದಲಾಗಬಹುದೆ? ಟೆಲಿಫೋನ್ ಉದ್ಯಮವನ್ನು ಪೈಪೋಟಿಗೆ ತೆರೆದಿರುವ ಯಾವ ದೇಶದಲ್ಲಾದರೂ ಗ್ರಾಹಕರನ್ನು ಕಾಡುವ ಪ್ರಶ್ನೆ ಇದು. ಜಾಹೀರಾತುಗಳು ಬೆಲೆಯೊಂದನ್ನೇ ಮುಂದಿಟ್ಟು ಇದಕ್ಕೆ ಉತ್ತರ ಹೇಳುತ್ತವೆ. ಬೆಲೆ ಕೊನೆಯಲ್ಲಿ ನೋಡಬೇಕಾದ ಸಂಗತಿ ಎಂಬುದು ನನ್ನ ದೃಢವಾದ ಅಭಿಪ್ರಾಯ. ನಾವು ಮೊದಲು ತಿಳಿದುಕೊಳ್ಳಬೇಕಾದದ್ದು, ಬಿಲ್ಲಿನ ಮೇಲಿರುವ ಹೆಸರಿನ ಹಿಂದಿನ ತಂತಿ, ಟವರ್, ಎಕ್ಸ್‌ಚೇಂಜ್‌ಗಳು ಯಾರಿಗೆ ಸೇರಿವೆ ಎಂಬುದನ್ನು. ಉಳಿದ ಬಹುಪಾಲು ಪ್ರಶ್ನೆಗಳ ಉತ್ತರ ಅದರಿಂದಲೇ ಹೊರಡುತ್ತದೆ.

ಈ ನಾಲ್ಕು ಆಯ್ಕೆಗಳು ಹುಟ್ಟಿದ ಬಗೆಯನ್ನು ಸ್ವಲ್ಪ ತಿಳಿದಿದ್ದರೆ ಅವುಗಳ ಬಲ ಮತ್ತು ದೌರ್ಬಲ್ಯ ತಾನಾಗಿ ಕಾಣುತ್ತದೆ. ಇಪ್ಪತ್ತನೆಯ ಶತಮಾನದ ಬಹುಪಾಲು ಅವಧಿಯಲ್ಲಿ ಟೆಲಿಫೋನ್ ಏಕಸ್ವಾಮ್ಯದ ವ್ಯವಹಾರವಾಗಿತ್ತು. ಮನೆಮನೆಗೂ ಎರಡೆರಡು ಕಂಪನಿಗಳು ತಂತಿ ಎಳೆಯುವುದು ದುಂದುವೆಚ್ಚ, ಆದ್ದರಿಂದ ಒಂದೇ ಸಂಸ್ಥೆ ಸೇವೆ ಕೊಡಲಿ, ಅದರ ದರವನ್ನು ಸರ್ಕಾರ ನಿಯಂತ್ರಿಸಲಿ ಎಂಬುದು ಅದರ ಹಿಂದಿದ್ದ ವಾದ. ಅಮೆರಿಕದಲ್ಲಿ ಆ ಸ್ಥಾನದಲ್ಲಿದ್ದ ಎಟಿ ಅಂಡ್ ಟಿ ಕಂಪನಿಯು ಸರ್ಕಾರ ಹೂಡಿದ್ದ ಮೊಕದ್ದಮೆಯ ಇತ್ಯರ್ಥದಂತೆ 1984ರ ಜನವರಿ 1ರಂದು ವಿಭಜನೆಗೊಂಡಿತು. ಅದರ 22 ಸ್ಥಳೀಯ ಕಂಪನಿಗಳು 7 ಪ್ರಾದೇಶಿಕ ಕಂಪನಿಗಳಾಗಿ ಬೇರ್ಪಟ್ಟವು. ದೂರದ ಕರೆಗಳ ವ್ಯವಹಾರದಲ್ಲಿ ಪೈಪೋಟಿ ಬಲಗೊಂಡಿತು. ಅದೇ ವರ್ಷದ ನವೆಂಬರ್‌ನಲ್ಲಿ ಬ್ರಿಟನ್ ಸರ್ಕಾರ ಬ್ರಿಟಿಷ್ ಟೆಲಿಕಾಂನ ಅರ್ಧಕ್ಕಿಂತ ತುಸು ಹೆಚ್ಚು ಷೇರುಗಳನ್ನು ಮಾರಿತು. ಆದರೆ 1991ರವರೆಗೆ ಸ್ಥಿರ ದೂರವಾಣಿ ಜಾಲದಲ್ಲಿ ಅದಕ್ಕೆ ಮರ್ಕ್ಯುರಿ ಎಂಬ ಒಬ್ಬನೇ ಪ್ರತಿಸ್ಪರ್ಧಿಯನ್ನು ಬಿಟ್ಟುಕೊಂಡಿತ್ತು. ಯುರೋಪಿಯನ್ ಒಕ್ಕೂಟದ ಹೆಚ್ಚಿನ ದೇಶಗಳು 1998ರ ಜನವರಿ 1ರಂದು ಮಾರುಕಟ್ಟೆಯನ್ನು ಪೂರ್ತಿ ತೆರೆದವು.

ಇಷ್ಟೆಲ್ಲ ಆದರೂ ಎಕ್ಸ್‌ಚೇಂಜಿನಿಂದ ಮನೆಯ ಗೋಡೆಯವರೆಗಿನ ತಂತಿ ಮಾತ್ರ ಹೆಚ್ಚಿನ ಕಡೆ ಹಳೆಯ ಕಂಪನಿಯ ಕೈಯಲ್ಲೇ ಉಳಿಯಿತು. ದೂರದ ಊರುಗಳ ನಡುವೆ ಹೊಸ ಮಾರ್ಗ ಹಾಕುವುದು ಸುಲಭ. ಲಕ್ಷಾಂತರ ಮನೆಗಳಿಗೆ ಹೊಸದಾಗಿ ತಂತಿ ಎಳೆಯುವುದು ಹಾಗಲ್ಲ. ಈ ಕೊನೆಯ ಹಾದಿಯ ಸಮಸ್ಯೆಗೆ ಸರ್ಕಾರಗಳು ಮೂರು ಬಗೆಯ ಪರಿಹಾರ ಹುಡುಕಿದವು. ಪ್ರತಿಸ್ಪರ್ಧಿಗಳೇ ತಮ್ಮ ಜಾಲ ಕಟ್ಟಿಕೊಳ್ಳಲಿ ಎಂದು ಬಿಟ್ಟುಬಿಡುವುದು ಒಂದು. ಹಳೆಯ ಕಂಪನಿ ತನ್ನ ಜಾಲವನ್ನು ನಿಗದಿತ ದರದಲ್ಲಿ ಇತರರಿಗೆ ಬಾಡಿಗೆಗೆ ಕೊಡಲೇಬೇಕೆಂದು ಕಟ್ಟುಪಾಡು ಮಾಡುವುದು ಇನ್ನೊಂದು. ಜಾಲವನ್ನೇ ಚಿಲ್ಲರೆ ವ್ಯಾಪಾರದಿಂದ ಪ್ರತ್ಯೇಕಿಸಿ ಎಲ್ಲರಿಗೂ ಸಮಾನವಾಗಿ ಒದಗಿಸುವುದು ಮೂರನೆಯದು. ಬ್ರಿಟನ್ನಿನಲ್ಲಿ 2006ರಲ್ಲಿ ಬ್ರಿಟಿಷ್ ಟೆಲಿಕಾಂನೊಳಗೆ ರೂಪುಗೊಂಡ ಓಪನ್‌ರೀಚ್ ವಿಭಾಗ ಮತ್ತು ನ್ಯೂಜಿಲೆಂಡಿನಲ್ಲಿ 2011ರಲ್ಲಿ ಪ್ರತ್ಯೇಕ ಕಂಪನಿಯಾದ ಕೋರಸ್ ಈ ಮೂರನೆಯ ದಾರಿಯ ಉದಾಹರಣೆಗಳು. ನಿಮ್ಮ ದೇಶ ಯಾವ ದಾರಿ ಹಿಡಿದಿದೆ ಎಂಬುದರ ಮೇಲೆ ನಿಮ್ಮ ಮುಂದಿರುವ ಹತ್ತು ಹೆಸರುಗಳು ನಿಜಕ್ಕೂ ಹತ್ತು ಆಯ್ಕೆಗಳೋ ಅಥವಾ ಒಂದೇ ರಸ್ತೆಯಲ್ಲಿ ಓಡುವ ಹತ್ತು ಬಣ್ಣದ ಬಸ್ಸುಗಳೋ ಎಂಬುದು ನಿರ್ಧಾರವಾಗುತ್ತದೆ.

ಯಾವ ಅಳತೆಗೋಲು

ಜಾಲದ ಒಡೆತನ ಮೊದಲನೆಯ ಅಳತೆಗೋಲು. ಎರಡನೆಯದು ಕಷ್ಟಕಾಲದ ಭರವಸೆ: ವಿದ್ಯುತ್ ಹೋದಾಗ ಫೋನ್ ನಡೆಯುತ್ತದೆಯೆ, ತುರ್ತು ಸಹಾಯವಾಣಿಗೆ ಕರೆ ಮಾಡಿದರೆ ನೀವಿರುವ ಸ್ಥಳ ಅವರಿಗೆ ತಿಳಿಯುತ್ತದೆಯೆ? ಮೂರನೆಯದು ಬಿಲ್ಲಿನ ರಚನೆ, ಅಂದರೆ ಬಳಸಿದರೂ ಬಳಸದಿದ್ದರೂ ತೆರಬೇಕಾದ ಸ್ಥಿರ ಶುಲ್ಕ ಎಷ್ಟು, ಬಳಕೆಗೆ ತಕ್ಕಂತೆ ಏರುವ ಭಾಗ ಎಷ್ಟು ಎಂಬುದು. ನಾಲ್ಕನೆಯದು ಬಿಟ್ಟುಹೋಗುವ ಖರ್ಚು. ಒಪ್ಪಂದದ ಅವಧಿ, ಅವಧಿಗೆ ಮುನ್ನ ಬಿಟ್ಟರೆ ತೆರಬೇಕಾದ ದಂಡ, ಹಳೆಯ ನಂಬರನ್ನು ಜೊತೆಗೆ ಒಯ್ಯುವ ಅವಕಾಶ ಇವೆಲ್ಲ ಇದರಲ್ಲಿ ಸೇರುತ್ತವೆ. ದೂರು ಕೊಟ್ಟರೆ ಅದನ್ನು ಬಗೆಹರಿಸುವ ಅಧಿಕಾರ ಯಾರಿಗಿದೆ ಎಂಬುದು ಐದನೆಯದು.

ಬಿಲ್ಲಿನ ರಚನೆಯ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ಪೈಪೋಟಿ ಬಂದಾಗ ಎಲ್ಲರಿಗೂ ಎಲ್ಲವೂ ಅಗ್ಗವಾಗುತ್ತದೆ ಎಂಬ ನಂಬಿಕೆ ಇಲ್ಲಿಯೇ ಮುರಿಯುತ್ತದೆ. ಏಕಸ್ವಾಮ್ಯದ ಕಾಲದಲ್ಲಿ ದೂರದ ಕರೆಗಳಿಗೆ ವೆಚ್ಚಕ್ಕಿಂತ ಬಹಳ ಹೆಚ್ಚಿನ ದರ ವಿಧಿಸಿ, ಆ ಲಾಭದಿಂದ ಸ್ಥಳೀಯ ಸಂಪರ್ಕದ ತಿಂಗಳ ಬಾಡಿಗೆಯನ್ನು ಕಡಿಮೆ ಇಡಲಾಗುತ್ತಿತ್ತು. ದೂರದ ಕರೆಗಳಲ್ಲಿ ಪ್ರತಿಸ್ಪರ್ಧಿಗಳು ಬಂದ ಕೂಡಲೇ ಆ ಲಾಭ ಕರಗಿತು, ತಂತಿಯ ನಿಜವಾದ ವೆಚ್ಚವನ್ನು ತಿಂಗಳ ಶುಲ್ಕದ ಕಡೆಗೆ ಸರಿಸಬೇಕಾಯಿತು. 1980ರ ದಶಕದಲ್ಲಿ ಅಮೆರಿಕದಲ್ಲಿ ದೂರದ ಕರೆಯ ದರ ಇಳಿಯುತ್ತ ಹೋದಂತೆ ಮನೆಯ ಸಂಪರ್ಕಕ್ಕೆ ಹೊಸ ಮಾಸಿಕ ಶುಲ್ಕವೊಂದು ಸೇರಿಕೊಂಡಿತು. ಬ್ರಿಟನ್ನಿನಲ್ಲಿ ಖಾಸಗೀಕರಣದ ವೇಳೆ ವಿಧಿಸಿದ ಮಿತಿಯ ಪ್ರಕಾರ ದರಗಳ ಏರಿಕೆಯು ಚಿಲ್ಲರೆ ಬೆಲೆ ಸೂಚ್ಯಂಕದ ಶೇಕಡಾವಾರು ಏರಿಕೆಯಿಂದ 3 ಅಂಶಗಳನ್ನು ಕಳೆದರೆ ಉಳಿಯುವಷ್ಟನ್ನು ಮೀರಬಾರದಿತ್ತು. ಆದರೆ ಆ ಮಿತಿ ಅನ್ವಯಿಸಿದ್ದು ಸೇವೆಗಳ ಒಟ್ಟು ಸರಾಸರಿಗೆ. ಸರಾಸರಿ ಇಳಿದಾಗಲೂ ಒಂದು ಬಗೆಯ ಶುಲ್ಕ ಏರಬಹುದು. ಹೆಚ್ಚು ಮಾತನಾಡುವವರು ಗೆದ್ದರು. ತಿಂಗಳಿಗೆ ನಾಲ್ಕು ಕರೆ ಮಾಡುವ ಒಂಟಿ ವೃದ್ಧರ ಮಟ್ಟಿಗೆ ಅದೇ ಮಾತನ್ನು ಹೇಳಲಾಗದು. ಆದ್ದರಿಂದ ಯಾವುದೇ ಪ್ಲಾನನ್ನು ಅಳೆಯುವಾಗ ನಿಮ್ಮ ಹಿಂದಿನ ಕೆಲವು ತಿಂಗಳ ಬಿಲ್ಲುಗಳನ್ನು ಮುಂದಿಟ್ಟುಕೊಂಡು ನಿಮ್ಮದೇ ಬಳಕೆಗೆ ಒಟ್ಟು ಎಷ್ಟು ಬೀಳುತ್ತದೆ ಎಂದು ಲೆಕ್ಕ ಹಾಕಬೇಕು. ನಿಮಿಷಕ್ಕೆ ಎಷ್ಟು ಎಂಬ ಒಂದೇ ಅಂಕಿಯಿಂದ ಏನೂ ತಿಳಿಯುವುದಿಲ್ಲ.

ಹಳೆಯ ಕಂಪನಿಯ ಸ್ಥಿರ ದೂರವಾಣಿ

ತಾಮ್ರದ ತಂತಿಯ ಹಳೆಯ ಸಂಪರ್ಕಕ್ಕೆ ಇರುವ ದೊಡ್ಡ ಬಲ ಬಹಳ ಜನರಿಗೆ ಗೊತ್ತಿಲ್ಲ. ಆ ಫೋನಿಗೆ ಬೇಕಾದ ವಿದ್ಯುತ್ತು ಅದೇ ತಂತಿಯಲ್ಲಿ ಎಕ್ಸ್‌ಚೇಂಜಿನಿಂದ ಬರುತ್ತದೆ. ಎಕ್ಸ್‌ಚೇಂಜಿನಲ್ಲಿ ಸಾಲುಗಟ್ಟಿ ಇಟ್ಟಿರುವ ಬ್ಯಾಟರಿಗಳು ತಂತಿಗೆ ಸುಮಾರು 48 ವೋಲ್ಟ್ ಏಕಮುಖ ವಿದ್ಯುತ್ತನ್ನು ಒದಗಿಸುತ್ತವೆ, ಜೊತೆಗೆ ಜನರೇಟರ್ ಇರುತ್ತದೆ. ಬಿರುಗಾಳಿಗೆ ಕಂಬ ಬಿದ್ದು ಇಡೀ ಬೀದಿ ಕತ್ತಲಲ್ಲಿದ್ದಾಗಲೂ, ಗೋಡೆಯ ಪ್ಲಗ್ಗಿಗೆ ಸಿಕ್ಕಿಸದ ಸಾಧಾರಣ ಫೋನಿನ ರಿಸೀವರ್ ಎತ್ತಿದರೆ ಡಯಲ್ ಟೋನ್ ಕೇಳಿಸುತ್ತದೆ. ತಂತಿ ಒಂದು ವಿಳಾಸಕ್ಕೆ ಕಟ್ಟುಬಿದ್ದಿರುವುದರಿಂದ ತುರ್ತು ಕರೆ ಎಲ್ಲಿಂದ ಬಂತೆಂಬುದೂ ಸ್ಪಷ್ಟ. ಕಾರ್ಡ್‌ಲೆಸ್ ಫೋನ್ ಬಳಸುವವರಿಗೆ ಈ ಲಾಭವಿಲ್ಲ. ಅದರ ಬೇಸ್‌ಗೆ ಮನೆಯ ಕರೆಂಟೇ ಬೇಕು.

ಈ ಬಲಕ್ಕೆ ಆಯುಷ್ಯ ಕಡಿಮೆ ಎಂಬುದನ್ನೂ ಹೇಳಲೇಬೇಕು. ಅನೇಕ ದೇಶಗಳು ತಾಮ್ರದ ಜಾಲವನ್ನು ಕೈಬಿಟ್ಟು ಫೈಬರ್‌ಗೆ ಹೋಗುತ್ತಿವೆ; ಬ್ರಿಟನ್ನಿನಲ್ಲಿ ಹಳೆಯ ದೂರವಾಣಿ ಜಾಲವನ್ನು ಮುಚ್ಚಲು 2027ರ ಜನವರಿಯ ಗಡುವು ಇಟ್ಟುಕೊಳ್ಳಲಾಗಿದೆ. ಫೈಬರ್ ಎಳೆಯಲ್ಲಿ ಬೆಳಕು ಹರಿಯುತ್ತದೆಯೇ ಹೊರತು ಫೋನನ್ನು ನಡೆಸುವ ವಿದ್ಯುತ್ತಲ್ಲ, ಹಾಗಾಗಿ ಮನೆಯಲ್ಲಿರುವ ಪೆಟ್ಟಿಗೆಗೆ ಬ್ಯಾಟರಿ ಇರದಿದ್ದರೆ ಕರೆಂಟ್ ಹೋದ ಕ್ಷಣವೇ ಫೋನ್ ಸ್ತಬ್ಧವಾಗುತ್ತದೆ. ಸ್ಥಿರ ದೂರವಾಣಿಯನ್ನೇ ಅವಲಂಬಿಸಿರುವ ಗ್ರಾಹಕರು ವಿದ್ಯುತ್ ಹೋದಾಗ ಕನಿಷ್ಠ ಒಂದು ಗಂಟೆಯವರೆಗೆ ತುರ್ತು ಸೇವೆಗೆ ಕರೆ ಮಾಡಲು ಆಗುವಂತಹ ವ್ಯವಸ್ಥೆ ಇರಬೇಕೆಂದು ಬ್ರಿಟನ್ನಿನ ನಿಯಂತ್ರಣ ಸಂಸ್ಥೆ ಆಫ್‌ಕಾಮ್ ಹೇಳಿರುವುದು ಇದೇ ಕಾರಣಕ್ಕೆ. ಹಳೆಯ ಕಂಪನಿಯಲ್ಲೇ ಉಳಿಯುವವರು "ನಮ್ಮ ಮನೆಯ ಸಂಪರ್ಕ ಇನ್ನೂ ತಾಮ್ರದ್ದೆ? ಬದಲಾಗುವುದಾದರೆ ಬ್ಯಾಟರಿ ಕೊಡುತ್ತೀರಾ?" ಎಂಬ ಎರಡು ಪ್ರಶ್ನೆ ಕೇಳಿಕೊಂಡೇ ಮುಂದುವರಿಯಬೇಕು. ಉತ್ತರ ನಿರಾಶಾದಾಯಕವಾಗಿದ್ದರೆ ಹೆಚ್ಚಿನ ಬಾಡಿಗೆ ಕೊಟ್ಟು ಅಲ್ಲೇ ಉಳಿಯಲು ಬಲವಾದ ಕಾರಣವಿಲ್ಲ.

ಸ್ವಂತ ಜಾಲವುಳ್ಳ ಪ್ರತಿಸ್ಪರ್ಧಿ

ಸ್ವಂತ ಟವರ್‌ಗಳಿರುವ ಮೊಬೈಲ್ ಕಂಪನಿ ಅಥವಾ ಸ್ವಂತ ಕೇಬಲ್ ಎಳೆದಿರುವ ಕಂಪನಿ ಈ ಗುಂಪಿಗೆ ಸೇರುತ್ತದೆ. ಪೈಪೋಟಿಯ ನಿಜವಾದ ಫಲ ಸಿಗುವುದು ಹೆಚ್ಚಾಗಿ ಇಲ್ಲಿ. ಜಾಲ ಬೇರೆಯಾದ್ದರಿಂದ ಒಂದು ಕೆಟ್ಟರೆ ಇನ್ನೊಂದು ಉಳಿಯುತ್ತದೆ. ದರವನ್ನು ಬೇರೆಯವರ ಸಗಟು ಬೆಲೆಗೆ ಜೋತುಬೀಳದೆ ನಿಗದಿ ಮಾಡಬಹುದು.

ಇದರ ದುರ್ಬಲ ಕೊಂಡಿ ಅಂತರಸಂಪರ್ಕ. ಹೊಸ ಕಂಪನಿಯ ಗ್ರಾಹಕ ಹಳೆಯ ಕಂಪನಿಯ ಗ್ರಾಹಕನಿಗೆ ಕರೆ ಮಾಡಬೇಕಾದರೆ ಎರಡು ಜಾಲಗಳು ಸೇರುವ ಬಿಂದುವಿನಲ್ಲಿ ಸಾಕಷ್ಟು ಸಾಮರ್ಥ್ಯ ಇರಬೇಕು, ಮತ್ತು ಆ ಕರೆಯನ್ನು ಮುಟ್ಟಿಸುವುದಕ್ಕೆ ಯಾರು ಯಾರಿಗೆ ಎಷ್ಟು ಕೊಡಬೇಕೆಂಬುದು ತೀರ್ಮಾನವಾಗಿರಬೇಕು. ನ್ಯೂಜಿಲೆಂಡ್ 1989ರಲ್ಲಿ ಮಾರುಕಟ್ಟೆಯನ್ನು ಪೂರ್ತಿ ತೆರೆದಾಗ ದೂರಸಂಪರ್ಕಕ್ಕೆಂದೇ ಪ್ರತ್ಯೇಕ ನಿಯಂತ್ರಕರನ್ನು ನೇಮಿಸಲಿಲ್ಲ. ಸಾಮಾನ್ಯ ಸ್ಪರ್ಧಾ ಕಾನೂನೇ ಸಾಕೆಂದು ಭಾವಿಸಿತು. ಹೊಸ ಕಂಪನಿ ಕ್ಲಿಯರ್ ಮತ್ತು ಟೆಲಿಕಾಂ ಎಂಬ ಹೆಸರಿನ ಹಳೆಯ ಕಂಪನಿಯ ನಡುವಿನ ಅಂತರಸಂಪರ್ಕ ಶುಲ್ಕದ ವ್ಯಾಜ್ಯ ವರ್ಷಗಟ್ಟಲೆ ಎಳೆದು, ಆಗ ಆ ದೇಶದ ಅಂತಿಮ ಮೇಲ್ಮನವಿಯ ನ್ಯಾಯಪೀಠವಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೆ ಹೋಯಿತು, 1994ರಲ್ಲಿ ತೀರ್ಪು ಹಳೆಯ ಕಂಪನಿಯ ಪರವಾಗಿ ಬಂತು. ಕೊನೆಗೆ 2001ರ ಕಾಯ್ದೆಯಲ್ಲಿ ಆ ದೇಶ ದೂರಸಂಪರ್ಕ ಆಯುಕ್ತರ ಹುದ್ದೆಯನ್ನು ಸೃಷ್ಟಿಸಬೇಕಾಯಿತು. ಭಾರತದಲ್ಲಿ 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಸೇವೆ ಆರಂಭವಾದಾಗಲೂ ಬೇರೆ ಕಂಪನಿಗಳ ಜಾಲಕ್ಕೆ ಹೋಗುವ ಕರೆಗಳು ದೊಡ್ಡ ಪ್ರಮಾಣದಲ್ಲಿ ವಿಫಲವಾದವು. ಸಾಕಷ್ಟು ಅಂತರಸಂಪರ್ಕ ಕೊಡಲಿಲ್ಲವೆಂದು ಹಳೆಯ ಕಂಪನಿಗಳಿಗೆ ದಂಡ ವಿಧಿಸುವಂತೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಆ ಅಕ್ಟೋಬರ್‌ನಲ್ಲಿ ಶಿಫಾರಸು ಮಾಡಿತು. ನಿಯಂತ್ರಣವನ್ನು ಸಡಿಲಿಸಿದಷ್ಟೂ ಪೈಪೋಟಿ ಹೆಚ್ಚುತ್ತದೆ ಎಂದು ವಾದಿಸುವವರು ಈ ಎರಡು ಪ್ರಸಂಗಗಳನ್ನು ಓದಬೇಕು. ಎದುರಾಳಿಯ ಕರೆಯನ್ನು ತೆಗೆದುಕೊಳ್ಳಲೇಬೇಕೆಂಬ ನಿಯಮವಿಲ್ಲದ ಕಡೆ ಎಷ್ಟೇ ಜಾಲ ಕಟ್ಟಿದರೂ ಅದು ಒಂಟಿ ಜಾಲವಾಗಿ ಉಳಿಯುತ್ತದೆ.

ಗ್ರಾಹಕರಿಗೆ ಇದರಿಂದ ಬರುವ ಸಲಹೆ ಸರಳ. ಹೊಸದಾಗಿ ಬಂದ ಜಾಲವನ್ನು ಅದೇ ಜಾಲದ ಇನ್ನೊಬ್ಬರಿಗೆ ಕರೆ ಮಾಡಿ ಪರೀಕ್ಷಿಸಿದರೆ ಏನೂ ತಿಳಿಯುವುದಿಲ್ಲ. ಬೇರೆ ಬೇರೆ ಕಂಪನಿಗಳ ನಂಬರುಗಳಿಗೆ, ಸಂಜೆಯ ದಟ್ಟಣೆಯ ಹೊತ್ತಿನಲ್ಲಿ ಕರೆ ಮಾಡಿ ನೋಡಬೇಕು. ಮೊಬೈಲ್ ಆದರೆ ನೀವು ಹೆಚ್ಚು ಹೊತ್ತು ಇರುವ ಕೋಣೆಯ ಒಳಗೆ, ಬಾಗಿಲು ಹಾಕಿಕೊಂಡು ಸಿಗ್ನಲ್ ನೋಡಬೇಕು. ಕಂಪನಿಯ ನಕ್ಷೆಯಲ್ಲಿ ಬಣ್ಣ ತುಂಬಿರುವುದು ಸಾಮಾನ್ಯವಾಗಿ ಬಯಲಿನಲ್ಲಿ ಸಿಗುವ ಸಿಗ್ನಲ್ಲಿನ ಅಂದಾಜಿಗೆ.

ಬೇರೆಯವರ ಜಾಲದ ಮೇಲೆ ಮಾರುವವರು

ನಾಲ್ಕರಲ್ಲಿ ಹೆಚ್ಚು ಯೋಚನೆ ಬೇಡುವ ಆಯ್ಕೆ ಇದು. ಈ ಕಂಪನಿಗಳಿಗೆ ಸ್ವಂತ ಟವರೂ ಇಲ್ಲ, ತಂತಿಯೂ ಇಲ್ಲ. ಜಾಲವಿರುವ ಕಂಪನಿಯಿಂದ ನಿಮಿಷಗಳನ್ನೂ ಡೇಟಾವನ್ನೂ ಸಗಟಾಗಿ ಕೊಂಡು ತಮ್ಮ ಹೆಸರಿನಲ್ಲಿ ಮಾರುತ್ತಾರೆ. 1999ರಲ್ಲಿ ಬ್ರಿಟನ್ನಿನಲ್ಲಿ ಒನ್‌ಟುಒನ್ ಜಾಲದ ಮೇಲೆ ಆರಂಭವಾದ ವರ್ಜಿನ್ ಮೊಬೈಲ್ ಈ ಬಗೆಯ ಮೊಬೈಲ್ ಸೇವೆಗೆ ಹೆಸರು ತಂದುಕೊಟ್ಟಿತು. ಅವರಿಗೆ ಟವರ್ ಕಟ್ಟುವ ಸಾಲವಿಲ್ಲ, ಸ್ಪೆಕ್ಟ್ರಂ (ರೇಡಿಯೋ ತರಂಗಾಂತರ) ಹರಾಜಿನ ಹೊರೆಯಿಲ್ಲ. ಅದಕ್ಕೇ ದೊಡ್ಡ ಕಂಪನಿಗಳು ಗಮನಿಸದ ಗುಂಪುಗಳಿಗೆ, ಉದಾಹರಣೆಗೆ ಕಡಿಮೆ ಮಾತನಾಡುವವರಿಗೆ, ವಿದ್ಯಾರ್ಥಿಗಳಿಗೆ, ವಿದೇಶದಲ್ಲಿರುವ ಬಂಧುಗಳಿಗೆ ಕರೆ ಮಾಡುವವರಿಗೆ ಹೊಂದುವಂತಹ ಸಣ್ಣ ಪ್ಲಾನ್‌ಗಳನ್ನು ಅವರು ಕೊಡಬಲ್ಲರು. ದೀರ್ಘ ಒಪ್ಪಂದ ಇಲ್ಲದಿರುವುದೂ ಸಾಮಾನ್ಯ.

ಅಗ್ಗದ ಬೆಲೆಗೆ ಪ್ರತಿಯಾಗಿ ನಾವು ಬಿಟ್ಟುಕೊಡುವುದು ಎರಡು. ಮೊದಲನೆಯದು ಸರದಿ. ಒಂದೇ ಟವರಿನ ಮೇಲೆ ಜನಸಂದಣಿ ಹೆಚ್ಚಾದಾಗ ಜಾಲದ ಒಡೆಯ ತನ್ನ ನೇರ ಗ್ರಾಹಕರ ಡೇಟಾಗೆ ಆದ್ಯತೆ ಕೊಟ್ಟು, ಸಗಟು ಗ್ರಾಹಕರ ಡೇಟಾವನ್ನು ಹಿಂದಕ್ಕೆ ಸರಿಸುವಂತಹ ಒಪ್ಪಂದ ಇರಬಹುದು. ಇದು ಎಲ್ಲ ಕಡೆ ಇರುವುದಿಲ್ಲ, ಇರುವ ಕಡೆ ಜಾಹೀರಾತಿನಲ್ಲಿ ಕಾಣುವುದಿಲ್ಲ. ಸೇವಾ ನಿಯಮಗಳ ಸಣ್ಣಕ್ಷರದಲ್ಲಿ 'ದಟ್ಟಣೆಯ ಸಮಯದಲ್ಲಿ ವೇಗ ಕಡಿಮೆಯಾಗಬಹುದು' ಎಂಬಂತಹ ಸಾಲಿನಲ್ಲಿ ಅಡಗಿರುತ್ತದೆ. ಮನೆಯಲ್ಲಿ ಕುಳಿತು ಮಾತನಾಡುವವರಿಗೆ ಇದು ಅನುಭವಕ್ಕೇ ಬಾರದಿರಬಹುದು. ಕಿಕ್ಕಿರಿದ ರೈಲು ನಿಲ್ದಾಣದಲ್ಲಿ ನಿಂತು ಕೆಲಸ ಮಾಡಬೇಕಾದವರಿಗೆ ಪ್ರತಿದಿನದ ತೊಂದರೆಯಾದೀತು.

ಎರಡನೆಯದು ಬಾಳಿಕೆ. ಇಂತಹ ಕಂಪನಿಯ ಉಸಿರು ಸಗಟು ದರದ ನಿಯಮದಲ್ಲಿದೆ, ಆ ನಿಯಮ ನಿಯಂತ್ರಕರ ಕೈಯಲ್ಲಿದೆ. ಅಮೆರಿಕದ 1996ರ ದೂರಸಂಪರ್ಕ ಕಾಯ್ದೆ ಸ್ಥಳೀಯ ಕಂಪನಿಗಳು ತಮ್ಮ ಜಾಲದ ಭಾಗಗಳನ್ನು ಪ್ರತಿಸ್ಪರ್ಧಿಗಳಿಗೆ ಬಾಡಿಗೆಗೆ ಕೊಡಬೇಕೆಂದು ವಿಧಿಸಿತು, ಆ ಬಾಡಿಗೆ ಜಾಲದ ಮೇಲೆ ಲಕ್ಷಾಂತರ ಮನೆಗಳಿಗೆ ಹೊಸ ಕಂಪನಿಗಳು ಸೇವೆ ಕೊಟ್ಟವು. ನ್ಯಾಯಾಲಯದಲ್ಲಿ ಆ ನಿಯಮಗಳು ಬಿದ್ದುಹೋದ ಮೇಲೆ, 2004ರ ಜುಲೈನಲ್ಲಿ, ವಿಭಜನೆಯಲ್ಲಿ ಸ್ಥಳೀಯ ಜಾಲವನ್ನು ಕಳೆದುಕೊಂಡು ಈ ಬಾಡಿಗೆ ಜಾಲವನ್ನೇ ನೆಚ್ಚಿಕೊಂಡಿದ್ದ ಎಟಿ ಅಂಡ್ ಟಿಯಂತಹ ದೈತ್ಯ ಕಂಪನಿಯೇ ಮನೆಗಳ ಹೊಸ ಗ್ರಾಹಕರನ್ನು ಹುಡುಕುವುದನ್ನು ನಿಲ್ಲಿಸುವುದಾಗಿ ಘೋಷಿಸಿತು. ಮರುವರ್ಷ ಆ ಕಂಪನಿಯನ್ನು, ಅದರಿಂದಲೇ ಬೇರ್ಪಟ್ಟಿದ್ದ ಪ್ರಾದೇಶಿಕ ಕಂಪನಿಗಳಲ್ಲಿ ಒಂದಾದ ಎಸ್‌ಬಿಸಿ ಕೊಂಡುಕೊಂಡಿತು. ಹೀಗಿರುವಾಗ ಮರುಮಾರಾಟದ ಕಂಪನಿಗೆ ಒಂದು ವರ್ಷದ ಹಣವನ್ನು ಮುಂಗಡವಾಗಿ ಕಟ್ಟುವುದು ವಿವೇಕವಲ್ಲ. ತಿಂಗಳ ಲೆಕ್ಕದಲ್ಲಿ ಬಳಸಿ, ನಂಬರ್ ನಿಮ್ಮ ಹೆಸರಿನಲ್ಲಿಯೇ ನೋಂದಣಿಯಾಗಿದೆ ಎಂದು ಖಚಿತಪಡಿಸಿಕೊಳ್ಳಿ. ಆಗ ಕಂಪನಿ ಮುಚ್ಚಿದರೂ ನಷ್ಟ ಸಣ್ಣದು.

ದೂರಿನ ವಿಷಯದಲ್ಲೂ ಇಲ್ಲಿ ಒಂದು ತೊಡಕಿದೆ. ಟವರ್ ಕೆಟ್ಟರೆ ನಿಮಗೆ ಸೇವೆ ಮಾರಿದವರು ಅದನ್ನು ದುರಸ್ತಿ ಮಾಡಲಾರರು, ದುರಸ್ತಿ ಮಾಡಬಲ್ಲವರಿಗೆ ನೀವು ಗ್ರಾಹಕರಲ್ಲ. ಕಾನೂನಿನ ಪ್ರಕಾರ ಉತ್ತರ ಕೊಡಬೇಕಾದವರು ಸಾಮಾನ್ಯವಾಗಿ ನಿಮ್ಮಿಂದ ಹಣ ಪಡೆದವರೇ. ಆದ್ದರಿಂದ "ಜಾಲ ನಮ್ಮದಲ್ಲ" ಎಂಬ ಉತ್ತರವನ್ನು ಒಪ್ಪಿಕೊಳ್ಳಬೇಕಿಲ್ಲ.

ಇಂಟರ್ನೆಟ್ ಮೂಲಕ ಮಾತು

ಬೆಲೆಯಲ್ಲಿ ಇದನ್ನು ಮೀರಿಸುವುದು ಕಷ್ಟ, ಅದರಲ್ಲೂ ದೇಶದಿಂದ ದೇಶಕ್ಕೆ ಮಾತನಾಡುವವರಿಗೆ. ಸಾಂಪ್ರದಾಯಿಕ ಗುಣಮಟ್ಟದ ಡಿಜಿಟಲ್ ಕರೆಗೆ ಸೆಕೆಂಡಿಗೆ 64 ಕಿಲೋಬಿಟ್‌ನಷ್ಟು ಸಾಮರ್ಥ್ಯ ಸಾಕು. ಇಂದಿನ ಯಾವ ಬ್ರಾಡ್‌ಬ್ಯಾಂಡ್‌ಗೂ ಅದು ಭಾರವಲ್ಲ. ಮಾತಿನ ಗುಣಮಟ್ಟ ಕೆಡುವುದು ವೇಗ ಸಾಲದೆ ಅಲ್ಲ, ವಿಳಂಬದಿಂದ. ಮಾತು ಒಂದು ಕಡೆಯಿಂದ ಇನ್ನೊಂದು ಕಡೆಗೆ ತಲುಪಲು 150 ಮಿಲಿಸೆಕೆಂಡ್‌ಗಿಂತ ಹೆಚ್ಚು ಹಿಡಿದರೆ ಇಬ್ಬರೂ ಒಟ್ಟಿಗೆ ಮಾತು ಶುರು ಮಾಡಿ, ಇಬ್ಬರೂ ಒಟ್ಟಿಗೆ ನಿಲ್ಲಿಸುವ ಕಿರಿಕಿರಿ ಆರಂಭವಾಗುತ್ತದೆ. ಮನೆಯಲ್ಲಿ ಬೇರೊಬ್ಬರು ದೊಡ್ಡ ಫೈಲನ್ನು ಕಳುಹಿಸುತ್ತಿರುವಾಗ ಒಂದು ಪರೀಕ್ಷಾ ಕರೆ ಮಾಡಿದರೆ ನಿಮ್ಮ ರೂಟರ್ ಯಾವ ಮಟ್ಟದ್ದೆಂದು ಗೊತ್ತಾಗುತ್ತದೆ.

ಇದರ ಗಂಭೀರ ಕೊರತೆ ತುರ್ತು ಕರೆಯಲ್ಲಿದೆ. ಇಂಟರ್ನೆಟ್ ಫೋನನ್ನು ಯಾವ ಊರಿಗಾದರೂ ಒಯ್ದು ಅದೇ ನಂಬರಿನಿಂದ ಮಾತನಾಡಬಹುದು. ಆ ಅನುಕೂಲವೇ ಆಪತ್ತಿನ ವೇಳೆ ಸಹಾಯವಾಣಿಗೆ ತಪ್ಪು ವಿಳಾಸ ಕೊಡಬಲ್ಲದು. ಸಾಮಾನ್ಯ ದೂರವಾಣಿ ಜಾಲಕ್ಕೆ ಜೋಡಣೆಯಾಗಿರುವ ಇಂತಹ ಸೇವೆಗಳು ತುರ್ತು ಕರೆಯನ್ನು ವಿಳಾಸದ ಸಮೇತ ಮುಟ್ಟಿಸಲೇಬೇಕೆಂದು ಅಮೆರಿಕದ ಫೆಡರಲ್ ಕಮ್ಯುನಿಕೇಷನ್ಸ್ ಕಮಿಷನ್ 2005ರಲ್ಲಿ ಆದೇಶ ಮಾಡಿತು. ಅಲ್ಲಿಯೂ ಮನೆ ಬದಲಿಸಿದಾಗ ಹೊಸ ವಿಳಾಸವನ್ನು ನಮೂದಿಸಬೇಕಾದವರು ಗ್ರಾಹಕರೇ. ಅಪ್ಲಿಕೇಶನ್‌ನಿಂದ ಅಪ್ಲಿಕೇಶನ್‌ಗೆ ಮಾತ್ರ ಕರೆ ಮಾಡುವ ಸೇವೆಗಳನ್ನು ತುರ್ತು ಸಂದರ್ಭಕ್ಕೆ ನೆಚ್ಚಿಕೊಳ್ಳಲೇಬಾರದು. ನನ್ನ ದೃಷ್ಟಿಯಲ್ಲಿ ಇಂಟರ್ನೆಟ್ ಫೋನ್ ಎರಡನೆಯ ಫೋನಾಗಿ ಅತ್ಯುತ್ತಮ, ಮನೆಯ ಏಕೈಕ ಫೋನಾಗಿ ಅಪಾಯಕರ.

ಯಾರಿಗೆ ಯಾವುದು

ಮನೆಯಲ್ಲಿ ಒಂಟಿಯಾಗಿರುವ ವೃದ್ಧರು, ಕಾಯಿಲೆಯವರು, ಅಥವಾ ಫೋನ್ ತಂತಿಗೆ ಜೋಡಿಸಿದ ಎಚ್ಚರಿಕೆ ಗಂಟೆ ಬಳಸುವವರು ಇದ್ದರೆ ತಾಮ್ರದ ಸಂಪರ್ಕ ಇರುವವರೆಗೂ ಅದನ್ನು ಬಿಡಬಾರದು. ಅದು ಹೋದ ಮೇಲೆ ಬ್ಯಾಟರಿ ಸಹಿತ ಫೈಬರ್ ಮತ್ತು ಒಂದು ಮೊಬೈಲ್ ಎರಡನ್ನೂ ಇಟ್ಟುಕೊಳ್ಳುವುದು ಸರಿ. ಹಣ ಬಿಗಿಯಾಗಿದ್ದು, ಒಳಬರುವ ಕರೆಗಳೇ ಹೆಚ್ಚಾಗಿರುವವರಿಗೆ ಸ್ಥಿರ ಶುಲ್ಕ ಅತಿ ಕಡಿಮೆ ಇರುವ ಮರುಮಾರಾಟದ ಪ್ರೀಪೇಯ್ಡ್ ಸೇವೆ ಲಾಭಕರ. ಅದರ ಸಿಮ್ ಎಷ್ಟು ಕಾಲ ರೀಚಾರ್ಜ್ ಇಲ್ಲದೆ ಜೀವಂತವಾಗಿರುತ್ತದೆ ಎಂಬುದನ್ನು ಮಾತ್ರ ಮೊದಲೇ ಕೇಳಿಕೊಳ್ಳಬೇಕು. ಹೆಚ್ಚು ಓಡಾಡುವವರಿಗೆ ಸ್ವಂತ ಜಾಲದ ದೊಡ್ಡ ಕಂಪನಿ ತುಸು ದುಬಾರಿಯಾದರೂ ಸೂಕ್ತ.

ಸಣ್ಣ ವ್ಯಾಪಾರ ನಡೆಸುವವರ ಲೆಕ್ಕ ಬೇರೆ. ಅವರಿಗೆ ಕರೆಯ ದರಕ್ಕಿಂತ ತಪ್ಪಿಹೋದ ಒಂದು ಕರೆಯ ನಷ್ಟ ದೊಡ್ಡದು. ಎರಡು ಸಂಪರ್ಕ ಇಟ್ಟುಕೊಳ್ಳುವ ಶಕ್ತಿ ಇದ್ದರೆ ಆ ಎರಡೂ ಬೇರೆ ಬೇರೆ ಜಾಲದ ಮೇಲಿರಲಿ. ಎರಡು ಹೆಸರು ಬೇರೆಯಾಗಿದ್ದು ಕೆಳಗಿನ ಜಾಲ ಒಂದೇ ಆಗಿದ್ದರೆ, ಒಂದೇ ಕೇಬಲ್ ಕಡಿದಾಗ ಎರಡೂ ಒಟ್ಟಿಗೆ ಹೋಗುತ್ತವೆ. ಮಾರುವವರನ್ನು "ನೀವು ಯಾರ ಜಾಲದಲ್ಲಿದ್ದೀರಿ?" ಎಂದು ನೇರವಾಗಿ ಕೇಳುವುದರಲ್ಲಿ ಸಂಕೋಚ ಬೇಡ.

ನಿರ್ಧಾರ ಮಾಡಿದ ಮೇಲೆ ಬದಲಾಗುವ ಕ್ರಮ ಮುಖ್ಯ. ನಂಬರನ್ನು ಉಳಿಸಿಕೊಂಡು ಕಂಪನಿ ಬದಲಿಸುವ ಸೌಲಭ್ಯ ಸಿಂಗಪುರದಲ್ಲಿ 1997ರಲ್ಲೇ ಮೊಬೈಲಿಗೆ ಬಂತು, ಅಮೆರಿಕದಲ್ಲಿ 2003ರಲ್ಲಿ, ಭಾರತದಲ್ಲಿ ದೇಶಾದ್ಯಂತ 2011ರ ಜನವರಿಯಲ್ಲಿ. ಪೋರ್ಟ್ ಕೋರಿಕೆಯನ್ನು ಹೊಸ ಕಂಪನಿಯ ಮೂಲಕವೇ ಸಲ್ಲಿಸಿ, ನಂಬರ್ ಹೊಸ ಜಾಲದಲ್ಲಿ ಕೆಲಸ ಮಾಡುವವರೆಗೂ ಹಳೆಯ ಸಂಪರ್ಕವನ್ನು ರದ್ದುಪಡಿಸಬೇಡಿ. ರದ್ದಾದ ನಂಬರನ್ನು ಪೋರ್ಟ್ ಮಾಡಲು ಸಾಮಾನ್ಯವಾಗಿ ಆಗುವುದಿಲ್ಲ. ಹಳೆಯ ಬಾಕಿಯನ್ನು ಮೊದಲೇ ತೀರಿಸಿ ರಸೀದಿ ಇಟ್ಟುಕೊಳ್ಳಿ. ಬದಲಾವಣೆ ಆದ ಬಳಿಕ ಬರುವ ಮೊದಲ ಎರಡು ಬಿಲ್ಲುಗಳನ್ನು ಸಾಲುಸಾಲಾಗಿ ಓದಿ. 1990ರ ದಶಕದ ಅಮೆರಿಕದಲ್ಲಿ ಗ್ರಾಹಕರ ಒಪ್ಪಿಗೆಯಿಲ್ಲದೆ ಅವರ ದೂರದ ಕರೆಗಳ ಕಂಪನಿಯನ್ನೇ ಬದಲಿಸಿಬಿಡುವ ವಂಚನೆ ಎಷ್ಟು ಹಬ್ಬಿತ್ತೆಂದರೆ, ಅದನ್ನು 1996ರ ಕಾಯ್ದೆಯಲ್ಲೇ ನಿಷೇಧಿಸಬೇಕಾಯಿತು. ಜನರಿಗೆ ಅದು ಗೊತ್ತಾಗುತ್ತಿದ್ದದ್ದು ಬಿಲ್ಲಿನಲ್ಲಿ ಅಪರಿಚಿತ ಹೆಸರೊಂದು ಕಾಣಿಸಿದಾಗ. ಕೇಳದ ಸೇವೆಗೆ ಶುಲ್ಕ ಹಾಕಿದ್ದರೆ ಕಂಪನಿಗೆ ಬರಹದಲ್ಲಿ ದೂರು ಕೊಟ್ಟು ದೂರಿನ ಸಂಖ್ಯೆ ಪಡೆಯಿರಿ. ನಿಯಂತ್ರಣ ಪ್ರಾಧಿಕಾರವಾಗಲಿ ಗ್ರಾಹಕರ ವೇದಿಕೆಯಾಗಲಿ ಮೊದಲು ಕೇಳುವುದು ಆ ಸಂಖ್ಯೆಯನ್ನೇ.